ಕಾರಿಗೆ ದೋಣಿಯ ಬಣ್ಣ ಬಳಿಸಿದವನು ನಾನು

ಆ ಇಟಲಿ ಕಾರು ನನಗೆ ಬಿದ್ದದ್ದು ಒಂದು ಹಳೆಯ ಮೂರು ಗಾಲಿಯ ಗೂಡ್ಸ್ ರಿಕ್ಷಾ, ಅದರ ಮೇಲೊಂದು ಹೊಸ ಟರ್ಪಾಲು — ಅಷ್ಟೇ. ಮಾರಿದ್ದು ಆರು ಲಕ್ಷಕ್ಕೆ. ಅಷ್ಟು ಅಗ್ಗಕ್ಕೆ ಏಕೆ ಸಿಕ್ಕಿತೆಂದರೆ, ದೋಣಿಗೆ ಬಳಿಯುವ ನೀಲಿ ಬಣ್ಣ ಬಳಿದು ಅದನ್ನು ಯಾರಿಗೂ ಬೇಡವಾಗುವ ಹಾಗೆ ಮಾಡಲಾಗಿತ್ತು. ಬಳಿಸಿದವನು ನಾನು. ಬಳಿಸಿದವಳು ಸುಶೀಲಕ್ಕ ಎಂದು ಹೇಳಿದವನೂ ನಾನೇ. ಮೊದಲನೆಯದು ಮೂರ್ಖತನ. ಎರಡನೆಯದು — ಇರಲಿ, ಮೊದಲು ವ್ಯವಹಾರ ಹೇಳಿ ಮುಗಿಸುತ್ತೇನೆ. ವ್ಯವಹಾರ ಹೇಳುವುದು ನನಗೆ ಸುಲಭ.

ನಾನು ಅಂಕೋಲೆಯ ಪಾಂಡುರಂಗ. ಹಳೆಯ ದೋಣಿ, ದೋಣಿ ಎಂಜಿನ್, ಬಲೆ, ಬೈಕು, ರಿಕ್ಷಾ — ಒಬ್ಬರಿಗೆ ಬೇಡವಾಗಿ ಇನ್ನೊಬ್ಬರಿಗೆ ಬೇಕಾದದ್ದು ಏನಿದ್ದರೂ ನಡುವೆ ನಿಂತು ಕುದುರಿಸಿಕೊಡುವವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಕಾರವಾರ ಬಂದರಿನಲ್ಲಿ ಹಗ್ಗ ಎಳೆಯುತ್ತ, ಹಡಗಿನವರ ಹಿಂದೆ ಓಡಾಡುತ್ತ ಒಡ್ಡೊಡ್ಡು ಇಂಗ್ಲಿಷ್ ಕಲಿತೆ. ಚೌಕಾಸಿಯನ್ನು ಯಾರೂ ಕಲಿಸಲಿಲ್ಲ, ಹೊಟ್ಟೆ ಕಲಿಸಿತು. ಮೊದಲ ಬೆಲೆ ಕೇಳಿ ನಗಬೇಕು, ಎರಡನೆಯದಕ್ಕೆ ಎದ್ದು ನಿಲ್ಲಬೇಕು, ಮೂರನೆಯದಕ್ಕೆ ಚಪ್ಪಲಿ ಮೆಟ್ಟಬೇಕು. ನಾಲ್ಕನೆಯದು ನಿಮ್ಮ ಬೆಲೆ. ಇದನ್ನು ಯಾರಿಗೆ ಬೇಕಾದರೂ ಬಿಟ್ಟಿ ಹೇಳಿಕೊಡುತ್ತೇನೆ. ಇನ್ನೊಂದು ನಿಯಮವಿದೆ, ಅದೇ ನನ್ನ ತಲೆ ಒಡೆದದ್ದು: ಬಣ್ಣ ಬಳಿಯದೆ ದೋಣಿ ಮಾರಬಾರದು. ಬಣ್ಣ ಹೋದ ದೋಣಿಯನ್ನು ಕಂಡ ಗಿರಾಕಿ ಅರ್ಧ ಬೆಲೆಯಿಂದ ಮಾತು ಶುರುಮಾಡುತ್ತಾನೆ.

ಸುಶೀಲಕ್ಕ ಪಕ್ಕದ ಅವರ್ಸೆ ಊರಿನವಳು. ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಅಪ್ಪ ಸೋಮಜ್ಜ ಹರೆಯದಲ್ಲಿ ಗೋವೆಯ ಒಬ್ಬ ಪಾಕ್ಲೆ ಸಾಹೇಬನ ಡ್ರೈವರ್. ಪೋರ್ತುಗೀಸರಿಗೆ ನಮ್ಮ ಕಡೆ ಪಾಕ್ಲೆ ಎನ್ನುತ್ತಾರೆ. ಅವರು ಗೋವೆ ಬಿಟ್ಟು ಹೋಗುವ ಗಡಿಬಿಡಿಯಲ್ಲಿ ಆ ಸಾಹೇಬ ಬಾಕಿ ಸಂಬಳದ ಬದಲಿಗೆ ಕಾರಿನ ಕೀಲಿ, ಕಾಗದ ಎರಡನ್ನೂ ಸೋಮಜ್ಜನ ಕೈಗೆ ಹಾಕಿ ಹಡಗು ಹತ್ತಿದನಂತೆ. ಎರಡೇ ಬಾಗಿಲು, ಮಾರುದ್ದ ಮೂತಿ, ಎಡಗಡೆ ಸ್ಟಿಯರಿಂಗ್, ಅದೂ ಕಟ್ಟಿಗೆಯದು. ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ ಕಾರನ್ನು ಈಚೆ ದಡಕ್ಕೆ ತಂದರಂತೆ. "ನೀರಿನ ಮೇಲೆ ಬಂದದ್ದು, ಅದಕ್ಕೆ ದೋಣಿ ಮರ್ಯಾದೆನೇ ಆಗ್ಬೇಕು" ಎನ್ನುತ್ತಿದ್ದ ಸೋಮಜ್ಜ.

ಬರೀ ಮಾತಲ್ಲ, ಮಾಡಿಯೂ ಮಾಡಿದ. ಮಳೆಗಾಲಕ್ಕೆ ಮುಂಚೆ ನಾವು ದೋಣಿಯನ್ನು ಮೇಲೆಳೆದು, ಮೈತುಂಬ ಮೀನೆಣ್ಣೆ ಉಜ್ಜಿ, ತೆಂಗಿನ ಗರಿ ಹೆಣೆದ ಮಡ್ಲು ಹೊದಿಸುತ್ತೇವಲ್ಲ, ಅವನು ಕಾರಿಗೂ ಅದನ್ನೇ ಮಾಡುತ್ತಿದ್ದ. ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಕೊಟ್ಟ ಮೇಲೇ ಮಡ್ಲು ತೆಗೆಯುವುದು. ಅವನು ಸತ್ತ ಮೇಲೆ ಮಗಳು ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಓಡುವುದು ನಿಂತು ಎಷ್ಟೋ ಕಾಲವಾಗಿದ್ದ ಆ ಕಾರಿಗೆ ಮೀನೆಣ್ಣೆಯ ವಾಸನೆ ಎಷ್ಟಿತ್ತೆಂದರೆ, ಅವರ್ಸೆಯ ಬೆಕ್ಕುಗಳೆಲ್ಲ ಅದರ ಸುತ್ತ ಸಂಸಾರ ಹೂಡಿದ್ದವು.

ಸುಶೀಲಕ್ಕ ಕಾರು ಮಾರಲು ಹೊರಟದ್ದು ಒಂದು ಗೂಡ್ಸ್ ರಿಕ್ಷಾಕ್ಕಾಗಿ. ಘಟ್ಟದ ಮೇಲೆ ಯಲ್ಲಾಪುರದ ಕಡೆ ಮೀನಿಗೆ ಒಳ್ಳೆಯ ಗಿರಾಕಿ. ಆದರೆ ಟೆಂಪೋದವರು ಬುಟ್ಟಿ ಕಂಡರೆ ಸಾಕು, "ನೀರ್ ಸೋರ್ತದೆ, ವಾಸ್ನೆ ಬರ್ತದೆ, ಹಿಂದಿನ ಗಾಡಿಗೆ ಬಾ" ಎಂದು ಅವಳನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಿದ್ದರು.

"ನಂದೇ ಗಾಡಿ ಇದ್ರೆ ಯಾರಪ್ಪನ ಹಂಗು ಪಾಂಡು? ನೀ ಎಂತ ಬೇಕಾರೂ ಮಾರ್ತೆ. ಇದನ್ನೂ ಒಂದು ಮಾರ್ಕೊಡು ಮಾರಾಯ."

ಫೋಟೋ ತೆಗೆಸಿ ಗೋವೆಯ ಗ್ಯಾರೇಜಿನ ಪರಿಚಯದವರಿಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಗಿ ಒಂದು ದಿನ ಕೊಯಮತ್ತೂರಿನಿಂದ ಫೋನು ಬಂತು. ಹಳೆಯ ಕಾರು ಸಂಗ್ರಹಿಸುವ ಒಬ್ಬ ಶ್ರೀಮಂತರು. ದನಿ ನಡುಗುತ್ತಿತ್ತು — ಗಿರಾಕಿಯ ದನಿ ನಡುಗಿದರೆ ಬೆಲೆ ಏರಿಸಬೇಕೆಂದು ನನಗೆ ಗೊತ್ತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಮಾತು, ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದರು: ನಾನು ಬರುವ ತನಕ ಏನನ್ನೂ ಮುಟ್ಟಬೇಡಿ. ತೊಳೆಯಲೂ ಬೇಡಿ. ಹೇಗಿದೆಯೋ ಹಾಗೇ ಇರಲಿ.

ಈ ಮಾತನ್ನು ನಾನು ಸುಶೀಲಕ್ಕನಿಗೆ ಹೇಳಲಿಲ್ಲ. ಏಕೆಂದರೆ ನನ್ನ ಧಂದೆಯಲ್ಲಿ "ಬಣ್ಣ ಬೇಡ, ಹಾಗೇ ತೋರಿಸು" ಎನ್ನುವ ಗಿರಾಕಿ ಹುಳುಕು ಹುಡುಕಿ ಬೆಲೆ ಮುರಿಯಲು ಬರುವವನು. ಅಬ್ಬಾ, ಎಂಥ ಚಾಲಾಕಿ ಮನುಷ್ಯ ಎಂದುಕೊಂಡೆ. ನಾನು ಅವನಪ್ಪ ಎಂದೂ ಅಂದುಕೊಂಡೆ.

ಬೇಲೆಕೇರಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುವ ಹಮ್ಮಣ್ಣನನ್ನು ಕರೆತಂದೆ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು ಮೂಗು ಮುಚ್ಚಿಕೊಂಡ.

"ಇದೆಂತ ಕೆಂಪೋ? ಮೂಲ ಬಣ್ಣ?"

"ಅದಿರಿನ ಧೂಳು" ಎಂದೆ. ಆಗ ಬೇಲೆಕೇರಿ ಬಂದರಿಗೂ ಕಾರವಾರಕ್ಕೂ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಹೆದ್ದಾರಿಯ ಪಕ್ಕದ ಮನೆ, ಮರ, ಎಮ್ಮೆ ಎಲ್ಲವೂ ಕೆಂಪು. ಕಾರಿನ ಆ ಗಾಢ ಕೆಂಪು ಇಟಲಿಯಲ್ಲಿ ಹಚ್ಚಿದ ಬಣ್ಣವೆಂದು ನನಗೆ — ಸತ್ಯವಾಗಿ ಹೊಳೆಯಲಿಲ್ಲ.

"ಎಣ್ಣೆ ಪೂರಾ ತೆಗೀಬೇಕು. ಪಾಲಿಶ್ ಪೇಪರ್ ಹಾಕಿ ತಿಕ್ಕಬೇಕು. ಇಲ್ದಿದ್ರೆ ಬಣ್ಣ ನಿಲ್ಲೂದಿಲ್ಲ" ಎಂದು ಹಮ್ಮಣ್ಣ ಎರಡು ದಿನದ ಕೂಲಿ ಹೆಚ್ಚು ಕೇಳಿದ. ನಾನು ನಕ್ಕೆ, ಎದ್ದು ನಿಂತೆ, ಚಪ್ಪಲಿ ಮೆಟ್ಟಿದೆ. ಕೊನೆಗೆ ಪಾಲಿಶ್ ಪೇಪರ್ ಇಲ್ಲದೆ, ಹಳೆಯ ಲುಂಗಿಯಲ್ಲಿ ಒರೆಸಿ ಬಳಿಯುವುದೆಂದು ಮಾತಾಯಿತು.

ಸಮುದ್ರ ನೀಲಿ ಬಣ್ಣ, ನಡುವೆ ಅರಿಶಿನದ ಪಟ್ಟೆ. ಮುಗಿಯುವ ಹೊತ್ತಿಗೆ ಹಮ್ಮಣ್ಣ ಕುಂಚ ಎತ್ತಿ ನಿಂತ. "ಹೆಸರು ಎಂತ ಬರೀಲಿ? ಹೆಸರಿಲ್ದೆ ನಾ ದೋಣಿ ಕೆಳಗಿಳ್ಸೂದಿಲ್ಲ." ಸುಶೀಲಕ್ಕ ಸ್ವಲ್ಪ ಯೋಚಿಸಿ "ಸಮುದ್ರಲಕ್ಷ್ಮಿ" ಎಂದಳು. ಎರಡೂ ಬಾಗಿಲ ಮೇಲೆ ದುಂಡಗೆ ಬರೆದ. ಅವಳು ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕಣ್ಣು ಒರೆಸಿಕೊಂಡಳು. ನನಗೂ ಎದೆ ತುಂಬಿತು. ಇಷ್ಟು ಚೆಂದದ ಮಾಲು ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ.

ಕೊಯಮತ್ತೂರಿನ ಸಾಹೇಬರು ಬಂದರು. ಮಡ್ಲು ಸರಿಸಿದೆ. ಅವರು ಹಿಂದೆ ಹಿಂದೆ ನಡೆದು ಅಲ್ಲಿ ಬಿದ್ದಿದ್ದ ತೆಂಗಿನ ಬೊಡ್ಡೆಯ ಮೇಲೆ ಕೂತುಬಿಟ್ಟರು. ಸಂತೋಷ ಹೆಚ್ಚಾಯಿತೇನೋ ಎಂದುಕೊಂಡು ನಾನು ಮನಸ್ಸಿನಲ್ಲೇ ಬೆಲೆ ಏರಿಸಿದೆ. ಸುಶೀಲಕ್ಕ ಒಳಗೆ ಓಡಿ ಒಂದು ತಾಟಿನಲ್ಲಿ ಹುರಿದ ಬಂಗಡೆ ತಂದು ಮುಂದೆ ಹಿಡಿದಳು. ಅವರು ಸಸ್ಯಾಹಾರಿ. ಬಂಗಡೆಯನ್ನೂ ಕಾರನ್ನೂ ಒಂದೇ ರೀತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು — ಇದನ್ನು ಮಾಡಿದವರು ಯಾರು?

ಅವರ ಮುಖ ನೋಡಿದಾಗಲೇ ನನಗೆ ತಿಳಿಯಿತು. ಎಲ್ಲ ತಿಳಿಯಿತು. ಆ ಕ್ಷಣದಲ್ಲಿ "ನಾನು" ಎನ್ನಬಹುದಿತ್ತು. ಒಂದೇ ಶಬ್ದ. ಬಾಯಿ ತೆರೆದೆ, ಬಂದದ್ದು ಬಂದರಿನ ಇಂಗ್ಲಿಷ್:

"ದಿಸ್ ವುಮನ್ ಪೇಂಟೆಡ್, ಸರ್. ನೋ ಎಜುಕೇಶನ್. ಐ ಟೋಲ್ಡ್ ನೋ."

ಸುಶೀಲಕ್ಕ ನನ್ನ ಬೆರಳು ತನ್ನ ಕಡೆ ತಿರುಗಿದ್ದು ಕಂಡು, ಕಾರಿನ ಒಡತಿ ಎಂದು ಪರಿಚಯ ಮಾಡಿಸುತ್ತಿದ್ದೇನೆಂದು ತಿಳಿದಳು. ನಗುತ್ತ ತಲೆ ಆಡಿಸಿದಳು. ಹೌದು, ಹೌದು.

ಸಾಹೇಬರು ಎದ್ದು ಅವಳ ಎದುರು ನಿಂತು ಮೆಲ್ಲಗೆ ಏನೋ ಹೇಳಿದರು. ಹೇಳಿದ್ದು ಇದು: ನಿಮ್ಮ ತಂದೆ ಇದನ್ನು ಇಷ್ಟು ವರ್ಷ ದೇವರ ಹಾಗೆ ಕಾಪಾಡಿದರು, ನೀವು ಒಂದೇ ದಿನದಲ್ಲಿ ಕೊಂದುಹಾಕಿದಿರಿ.

"ಎಂತ ಹೇಳ್ತಾರೆ?" ಎಂದಳು ಅವಳು.

"ನಿನ್ನ ಅಪ್ಪ ಇದನ್ನ ದೇವರ ಹಾಂಗೆ ಇಟ್ಕಂಡಿದ್ದ ಅಂತ."

"ಹೌದೋ! ಅವರ ಬಾಯಿಗೆ ಸಕ್ಕರೆ ಹಾಕ. ಅಪ್ಪ ಇದ್ದಿದ್ರೆ ಕೇಳಿ ಎಷ್ಟ್ ಕುಶಿ ಪಡ್ತಿದ್ನೋ" ಎಂದು ಅವಳು ಅವರಿಗೆ ಎರಡೂ ಕೈ ಮುಗಿದಳು. ತಾವು ಬೈದವಳೇ ಕೈ ಮುಗಿಯುವುದನ್ನು ಕಂಡು ಸಾಹೇಬರು ತಬ್ಬಿಬ್ಬಾಗಿ, ತಾವೂ ಕೈ ಮುಗಿದು, ಗಾಡಿ ಹತ್ತಿ ಹೊರಟೇಹೋದರು.

ಆಮೇಲೆ ಬೇರೆ ಗಿರಾಕಿ ಬರಲಿಲ್ಲ. ಅವಳ ಸಪ್ಪೆ ಮುಖ ನೋಡಲಾಗದೆ ನನ್ನಲ್ಲಿದ್ದ ಹಳೆಯ ಗೂಡ್ಸ್ ರಿಕ್ಷಾ ಕೊಟ್ಟು ಕಾರು ತಂದುಕೊಂಡೆ. ಮಾಡಿದ್ದಕ್ಕೆ ದಂಡ ತೆತ್ತೆ ಎಂದು ನಾನಾಗ ತಿಳಿದಿದ್ದೆ. ದಂಡ ತೆರುವಾಗಲೂ ಚೆನ್ನಾಗಿ ಓಡುವ ರಿಕ್ಷಾ ಬಿಟ್ಟು ಹೊಗೆ ಕಾರುವುದನ್ನೇ ಆರಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಟರ್ಪಾಲು ಮಾತ್ರ ಹೊಸದು.

ಕಾರನ್ನು ನನ್ನ ಅಂಗಳದಲ್ಲಿ ನಿಲ್ಲಿಸಿದ್ದೆ. ಮಳೆಗಾಲ ಶುರುವಾಯಿತು. ಮೊದಲ ದೊಡ್ಡ ಮಳೆಯ ಮರುದಿನ ನನ್ನ ಹೆಂಡತಿ ಹೊರಗಿನಿಂದ ಕೂಗಿದಳು: "ಕೇಳ್ತೋ, ನಿಮ್ಮ ಸಮುದ್ರಲಕ್ಷ್ಮಿ ಸೀರೆ ಬಿಚ್ತಾ ಅದೆ!" ಹೋಗಿ ನೋಡಿದರೆ ನೀಲಿ ಬಣ್ಣ ಬಾಳೆಲೆಯ ಹಾಗೆ ಹಾಳೆ ಹಾಳೆಯಾಗಿ ಏಳುತ್ತಿದೆ. ಒಳಗೆ ಅಷ್ಟು ವರ್ಷದ ಮೀನೆಣ್ಣೆ ಪದರಗಟ್ಟಿ ಕೂತಿತ್ತು, ಬಣ್ಣ ಅದರ ಮೇಲೆ ನಿಂತಿರಲೇ ಇಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿದೆ. ಎಣ್ಣೆ ಕರಗಿ ಕೆಳಗಿನಿಂದ ಕೆಂಪು ಬಂತು — ಕೋಕಂ ಹಣ್ಣಿನ ಕೆಂಪು. ಒಂದು ಚುಕ್ಕೆ ತುಕ್ಕಿಲ್ಲ. ಸಮುದ್ರದ ಗಾಳಿ ನಮ್ಮ ಕಿಟಕಿಯ ಸರಳುಗಳನ್ನೇ ತಿಂದುಹಾಕುವ ಊರಿನಲ್ಲಿ.

ಸೋಮಜ್ಜನೂ ಅವನ ಮಗಳೂ ಮಾಡಿದ ಕೆಲಸ ಅದನ್ನು ಉಳಿಸಿತ್ತು. ಪಾಲಿಶ್ ಪೇಪರಿಗೆ ದುಡ್ಡು ಬಿಚ್ಚದ ನನ್ನ ಜಿಪುಣತನವೂ ಉಳಿಸಿತ್ತು. ನನಗೆ ಆಗ ಕಂಡದ್ದು ಎರಡನೆಯದು ಮಾತ್ರ.

ಕೊಯಮತ್ತೂರಿಗೆ ಫೋನು ಮಾಡಿದೆ. ಅವರು ಬಂದರು, ನೋಡಿದರು, ಈ ಸಲ ನಿಜವಾಗಿ ಅತ್ತರು. "ಆ ಹೆಂಗಸಿನ ಕೈಯಿಂದ ಇದನ್ನು ಉಳಿಸಿದಿರಿ" ಎಂದು ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ. ಆರು ಲಕ್ಷ. ಸುಶೀಲಕ್ಕನಿಗೆ "ಗುಜರಿಗೆ ಹೋಯ್ತು, ರಿಕ್ಷಾದ ಅಸಲೂ ಹುಟ್ಟಲಿಲ್ಲ" ಎಂದೆ.

"ನನ್ನ ದೆಸೆಯಿಂದ ನಿಂಗೆ ಲುಕ್ಸಾನಾಯ್ತಲೋ ತಮ್ಮಾ" ಎಂದು ಅವಳು ನೊಂದುಕೊಂಡಳು.

ಶಿಕ್ಷೆ ಅಲ್ಲಿಂದ ಶುರುವಾಯಿತು. ಆ ಹೊಗೆಗಾಡಿ ಘಟ್ಟ ಹತ್ತಿತು, ಅವಳ ವ್ಯಾಪಾರ ಕುದುರಿತು. ನಾನು ಪೇಟೆಗೆ ಹೋದಾಗಲೆಲ್ಲ ಬುಟ್ಟಿಯ ತಳದಿಂದ ನನಗೆಂದೇ ಎತ್ತಿಟ್ಟ ಮೀನು ತೆಗೆಯುವಳು. ಒಮ್ಮೆ ಇಸ್ವಾಣ, ಒಮ್ಮೆ ಅಂಗೈಯಗಲದ ಪಾಪ್ಲೇಟು. ದುಡ್ಡು ಕೊಟ್ಟರೆ ಕೈ ತಳ್ಳುವಳು. ಚೌಕಾಸಿ ಮಾಡಲು ಬೆಲೆಯೇ ಇಲ್ಲ! ಮೀನಿಲ್ಲದೆ ಗಂಟಲಲ್ಲಿ ಅನ್ನ ಇಳಿಯದ ನಾನು ಆ ಮೀನನ್ನು ತಿನ್ನಲಾರದೆ "ಪಿತ್ತ ಆಗ್ಯದೆ" ಎಂದು ಗಂಜಿ ಕುಡಿಯತೊಡಗಿದೆ. ಹೆಂಡತಿ ತಿಂದು ದಪ್ಪಗಾದಳು, ನಾನು ಸಣ್ಣಗಾದೆ.

ವರ್ಷಗಳು ಹೋದವು. ಕಾಲೇಜಿಗೆ ಹೋಗುವ ನನ್ನ ಮಗಳು ರೇಷ್ಮಾ ಒಂದು ದಿನ ಯಾವುದೋ ಅರ್ಜಿ ತುಂಬಲು ನನ್ನನ್ನು ಕಾರವಾರದ ಸೈಬರ್ ಕೆಫೆಗೆ ಕರೆದುಕೊಂಡು ಹೋಗಿದ್ದಳು. ಸುಮ್ಮನೆ, ಹಳೆಯ ಇಟಲಿ ಕಾರು ಎಷ್ಟಕ್ಕೆ ಹೋಗುತ್ತದೆ ನೋಡು ಎಂದೆ. ತೆರೆಯ ಮೇಲೆ ಬಂದದ್ದು ಅದೇ ಕಾರು. ಅದೇ ಮೂತಿ, ಅದೇ ಕೆಂಪು. ಅದೇ ಕೊಯಮತ್ತೂರಿನ ಸಾಹೇಬರು ಮಾರಾಟಕ್ಕಿಟ್ಟಿದ್ದರು. ಬೆಲೆಯ ಸೊನ್ನೆಗಳನ್ನು ಎಣಿಸಲು ಹೋಗಿ ಎರಡು ಸಲ ತಪ್ಪಿ, ನೀರು ಕೇಳಿ ಕುಡಿದೆ. ನನಗೆ ಆರು ಲಕ್ಷ ಕೊಟ್ಟು ಅತ್ತ ಮನುಷ್ಯ ಏಕೆ ಅತ್ತನೆಂದು ಆಗ ತಿಳಿಯಿತು.

ಆದರೆ ರೇಷ್ಮಾ ಬೆಲೆಯನ್ನು ನೋಡುತ್ತಿರಲಿಲ್ಲ. ಕೆಳಗೆ ಕಾರಿನ ಕತೆ ಬರೆದಿತ್ತು, ಅದನ್ನು ಕನ್ನಡ ಮಾಡಿ ಓದಿದಳು: ಹಿಂದಿನ ಒಡತಿ, ಅವರ್ಸೆ ಎಂಬ ಹಳ್ಳಿಯ ಒಬ್ಬ ಅನಕ್ಷರಸ್ಥ ಮೀನುಗಾರ ಹೆಂಗಸು, ತಂದೆ ಜೋಪಾನ ಮಾಡಿದ್ದ ಕಾರಿಗೆ ದೋಣಿಯ ಬಣ್ಣ ಬಳಿದು ಹಾಳುಗೆಡವಿದ್ದಳು, ಸ್ಥಳೀಯ ದಲಾಲಿಯೊಬ್ಬರ ಜಾಗರೂಕತೆಯಿಂದ ಉಳಿಯಿತು.

"ಅಪ್ಪಾ, ಇದು ಸುಶೀಲಕ್ಕನ ಕಾರಲ್ದಾ? ಬಣ್ಣ ಹಚ್ಚಿಸಿದ್ದು ಅವ್ಳಾ?"

"ಹ್ಞೂಂ" ಎಂದೆ.

ನನ್ನ ಸ್ವಂತ ಮಗಳಿಗೆ. ಪಕ್ಕದಲ್ಲಿ ಪರಿಚಯದವರು ಯಾರೂ ಇರಲಿಲ್ಲ, ಕಳೆದುಕೊಳ್ಳುವ ಗಿರಾಕಿಯೂ ಇರಲಿಲ್ಲ, ಆದರೂ —

ಮರುದಿನ ಅಂಕೋಲೆ ಮೀನುಪೇಟೆಗೆ ಹೋದೆ. ಸುಶೀಲಕ್ಕನ ಪಕ್ಕದಲ್ಲಿ ಕೂರುವ ದೇವಕಿ ದೂರದಿಂದಲೇ ಕೂಗಿದಳು: "ಎಂತಾ ಪಾಂಡು, ಮುಖ ಒಣಬಂಗ್ಡೆ ಹಾಂಗೆ ಆಗ್ಯದೆ?" ನಾನು ಸುಶೀಲಕ್ಕನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದೆ. ಕಾರು ಗುಜರಿಗೆ ಹೋಗಲಿಲ್ಲ, ಆರು ಲಕ್ಷಕ್ಕೆ ಮಾರಿದೆ ಎಂದೆ.

ಅವಳು ಮೀನಿನ ಮೇಲಿನ ನೊಣ ಓಡಿಸುವುದನ್ನು ನಿಲ್ಲಿಸಿದಳು. "ಕೇಳ್ಸಲಿಲ್ಲ. ದೊಡ್ಡಕೆ ಹೇಳು."

ಹೇಳಿದೆ.

"ದೇವಕಿಗೆ ಕೇಳ್ಸಿಲ್ಲ."

ಎದ್ದು ನಿಂತು ಹೇಳಿದೆ. ಇಡೀ ಪೇಟೆ ನನ್ನತ್ತ ತಿರುಗಿತು. ಮರುಗಳಿಗೆ ದೇವಕಿ ಬಂದರಿನ ಲಿಲಾವು ಕೂಗುವವನ ಹಾಗೆ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಬನ್ನಿ ಬನ್ನಿ, ಪಾಂಡುನ ಮಾನ ಲಿಲಾವಿಗದೆ! ಆರು ಲಕ್ಷ ಒಂದು... ಮೇಲೆ ಯಾರು?" ಮೂಲೆಯಿಂದ "ಆರೂವರೆ!" ಚಿಪ್ಪೆಕಲ್ಲು ಮಾರುವವಳು "ಬಡ್ಡಿ ಸೇರ್ಸಿ ಕೂಗೇ!" ಬೆಲೆ ಏರುತ್ತಲೇ ಇತ್ತು. ಆ ಹೊತ್ತಿನಲ್ಲೂ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ:

"ರಿಕ್ಷಾದ ಬೆಲೆ ಕಳೀಬೇಕಲ..."

ಸುಶೀಲಕ್ಕ ಕತ್ತಿ ಕೆಳಗಿಟ್ಟಳು. "ಕಳಿ. ಅದು ನಂಗೆ ಅನ್ನ ಹಾಕಿದ್ದು. ಅದಕ್ಕೆ ನಾ ಹಾಕ್ಸಿದ ಎರಡು ಎಂಜಿನ್ ಕೂಡ್ಸು."

ನಕ್ಕು ನಕ್ಕು ಒಬ್ಬಳ ಬುಟ್ಟಿಯೇ ಮಗುಚಿತು. ಜೀವನದಲ್ಲಿ ಮೊದಲ ಸಲ ನಾನು ಎದುರಿನವರು ಹೇಳಿದ ಬೆಲೆಗೆ ಒಪ್ಪಿದೆ. ಒಂದು ಮೀನುಗಾರಿಕೆ ಟ್ರಾಲರಿನಲ್ಲಿದ್ದ ನನ್ನ ಪಾಲು ಮಾರಿ ಕೊಟ್ಟೆ. ಊರಿಗೆಲ್ಲ ಗೊತ್ತಿರುವುದು ಇಷ್ಟೇ. ಪಾಂಡು ತಪ್ಪೊಪ್ಪಿಕೊಂಡ, ಪಾಂಡು ದೊಡ್ಡವನು ಎನ್ನುವವರೂ ಇದ್ದಾರೆ.

ಕೊಟ್ಟ ದಿನ ಅವಳು ದುಡ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಾನು ಹೊರಡುವಾಗ ಕೇಳಿದಳು:

"ದುಡ್ಡಿನ ಸುದ್ದಿ ಬಿಡು. ಆ ಸಾಹೇಬ ಅಪ್ಪನ ಬಗ್ಗೆ ಹೇಳಿದ್ದಾರೂ ಖರೇನೋ?"

ಅವಳು ಆ ಮಾತನ್ನು ಘಟ್ಟದ ಮೇಲೂ ಕೆಳಗೂ ಎಷ್ಟು ಜನರಿಗೆ ಹೇಳಿದ್ದಳೋ.

"ಖರೆ" ಎಂದೆ.

ಖರೆಯೇ. ಅದರ ಮುಂದಿನ ಅರ್ಧ, ಅದಕ್ಕೂ ಮುಂಚೆ ನಾನು ಬೆರಳು ತೋರಿಸಿ ಆಡಿದ ಮಾತು — ಅವನ್ನು ಹೇಳದೆ ಹೊರಟುಬಂದೆ. ದುಡ್ಡು ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಏಕೆಂದರೆ ದುಡ್ಡು ಕೊಟ್ಟು ತೀರಿಸಬಹುದು. ನಗುತ್ತ ತಲೆ ಆಡಿಸಿದ ಹೆಂಗಸಿನ ತಲೆಯ ಮೇಲೆ ನನ್ನ ಮೂರ್ಖತನ ಹೊರಿಸಿದ್ದನ್ನು ಯಾವ ದರದಲ್ಲಿ ತೀರಿಸಲಿ? ಅವಳ ಕಾರನ್ನು ಉಳಿಸಿದ್ದು ಅವಳ ಕೈಯೇ. ಜಗತ್ತಿನಲ್ಲಿ ಬರೆದಿಟ್ಟದ್ದು ಅವಳೇ ಕೊಂದಳೆಂದು.

ಕೊಯಮತ್ತೂರಿಗೆ ಫೋನು ಮಾಡಿ ಹೇಳಿದ್ದೇನೆ. ಬಣ್ಣ ಬಳಿಸಿದವನು ನಾನು, ಎಣ್ಣೆ ಉಜ್ಜಿ ಉಳಿಸಿದವಳು ಆಕೆ, ಹೆಸರು ಸುಶೀಲಾ, ಹಾಗೆಂದು ಬರೆಯಿರಿ ಎಂದೆ. ಅವರು ಹೆಸರನ್ನು ಇನ್ನೊಮ್ಮೆ ಕೇಳಿ ಫೋನಿಟ್ಟರು. ರೇಷ್ಮಾಗೂ ನಿಜ ಹೇಳಿದೆ. ಅಲ್ಲಿ ಬರೆದದ್ದನ್ನೆಲ್ಲ ಬದಲಾಯಿಸಿದ್ದಾರೆಂದು ಅವಳು ನೋಡಿ ಬಂದು ತಿಳಿಸಿದಳು: ದಲಾಲಿಯ ಜಾಗರೂಕತೆ ಹೋಗಿ ದಲಾಲಿಯ ಹೆಡ್ಡತನ ಎಂದಾಗಿದೆಯಂತೆ. ಸರಿಯಾಗಿದೆ. ಇನ್ನು ಹೇಳಲು ಉಳಿದಿರುವುದು ಸುಶೀಲಕ್ಕ ಒಬ್ಬಳಿಗೆ. ಈ ಭಾನುವಾರ ಪೇಟೆ ತುಂಬಿರುವಾಗ ಹೋಗಿ, ಆ ಇಂಗ್ಲಿಷ್ ಮಾತುಗಳನ್ನು ಒಂದೊಂದಾಗಿ ಕನ್ನಡ ಮಾಡಿ ಅವಳಿಗೆ ಹೇಳುತ್ತೇನೆ. ಅವಳು ಕೇಳುವ ಮೊದಲೇ ದೊಡ್ಡದಾಗಿ. ಬೈದರೆ ಬೈಯಲಿ. ಮೀನು ಕೊಡದಿದ್ದರೆ ಕೊಡದಿರಲಿ.

ಇನ್ನು ನಿಮಗೆ. ಹಳೆಯ ಗಾಡಿ ಮಾರುವುದಿದ್ದರೆ ಧೂಳನ್ನೂ ಒರೆಸಬೇಡಿ, ಮೊದಲು ತಿಳಿದವರಿಗೆ ತೋರಿಸಿ, ಒಬ್ಬರಿಗಲ್ಲ, ಇಬ್ಬರಿಗೆ. ಅಳುವ ಗಿರಾಕಿಗೆ ಅದೇ ದಿನ ಮಾರಬೇಡಿ. ಮೂಲ ಕಾಗದ ದಲಾಲಿಯ ಕೈಗೆ ಕೊಡಬೇಡಿ, ಅವನು ನನ್ನಂಥ ಪರಿಚಯದವನಾದರೂ. ಮತ್ತು ನಿಮ್ಮ ದಲಾಲಿ ನಿಮ್ಮ ಕಡೆ ಬೆರಳು ತೋರಿಸಿ ನಿಮಗೆ ಬಾರದ ಭಾಷೆಯಲ್ಲಿ ಮಾತಾಡಿದರೆ, ದಯಮಾಡಿ, ನಗಬೇಡಿ, ತಲೆ ಆಡಿಸಬೇಡಿ. ಅಲ್ಲೇ ಅವನ ಅಂಗಿ ಹಿಡಿದು, "ಈಗ ಹೇಳಿದ್ದನ್ನ ನಂಗೆ ತಿಳಿಯೂ ಹಾಂಗೆ ಹೇಳು" ಎನ್ನಿ. ಅವನು ಹೇಳಿ ಮುಗಿಸುವ ತನಕ ಅಂಗಿ ಬಿಡಬೇಡಿ.